ಹಿಮ ಕರಗುವ ಹೊತ್ತಲ್ಲಿ ಪಿಕ್ಚರ್ಡ್ ರಾಕ್ಸ್: ಲೇಕ್ ಸುಪೀರಿಯರ್ ದಡದ 68 ಕಿಲೋಮೀಟರ್ ನಡೆಯುವ ಮುನ್ನ

ಮೇ ತಿಂಗಳ ಮೊದಲ ವಾರ. ಮ್ಯುನಿಸಿಂಗ್ ಊರಲ್ಲಿ ಜನ ಬರೀ ಶರ್ಟ್ ಹಾಕಿಕೊಂಡು ಓಡಾಡುತ್ತಿದ್ದರು. ಅಲ್ಲಿಂದ ಸ್ವಲ್ಪವೇ ದೂರದ ಕಾಡಿನಲ್ಲಿ ನನ್ನ ಎಡಗಾಲು ತೊಡೆಯ ತನಕ ಹಿಮದೊಳಗೆ ಸಿಕ್ಕಿಕೊಂಡಿತ್ತು. ಕಾಲು ಎಳೆದುಕೊಂಡೆ, ಬೂಟು ಒಳಗೇ ಉಳಿಯಿತು. ಕೈ ಹಾಕಿ ಬಗೆದು ತೆಗೆಯುವಷ್ಟರಲ್ಲಿ ಕಾಲುಚೀಲ ಒದ್ದೆಯಾಗಿತ್ತು. ಆ ದಿನ ಆರು ತಾಸಿನಲ್ಲಿ ನಡೆದದ್ದು ಏಳು ಕಿಲೋಮೀಟರ್. ಬೇಸಿಗೆಯಲ್ಲಿ ಅದು ಎರಡು ತಾಸಿನ ಕೆಲಸ.

ಇದು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗದ ದಾರಿ. ಲೇಕ್ ಸುಪೀರಿಯರ್‌ನ ದಕ್ಷಿಣ ದಡದಲ್ಲಿ, ಮ್ಯುನಿಸಿಂಗ್ ಮತ್ತು ಗ್ರ್ಯಾಂಡ್ ಮರೇ ಎಂಬ ಎರಡು ಸಣ್ಣ ಊರುಗಳ ನಡುವೆ ಸಾಗುತ್ತದೆ. ಸುಮಾರು 42 ಮೈಲಿ, ಅಂದರೆ 68 ಕಿಲೋಮೀಟರ್. 1966ರಲ್ಲಿ ಪಿಕ್ಚರ್ಡ್ ರಾಕ್ಸ್ ಎಂಬ ಈ ದಡ ಆ ದೇಶದ ಮೊದಲ ನ್ಯಾಷನಲ್ ಲೇಕ್‌ಶೋರ್, ಅಂದರೆ ಸರ್ಕಾರ ಕಾಪಾಡುವ ಸರೋವರ ತೀರ ಆಯಿತು. ಈ ಹಾದಿ ನಾರ್ತ್ ಕಂಟ್ರಿ ಟ್ರೇಲ್ ಎಂಬ ಬಹಳ ಉದ್ದದ ಕಾಲುದಾರಿಯ ಒಂದು ತುಂಡು. ಬೆನ್ನಿಗೆ ಚೀಲ ಹಾಕಿಕೊಂಡು, ರಾತ್ರಿ ಟೆಂಟ್‌ನಲ್ಲಿ ಮಲಗಿ, ಮೂರರಿಂದ ಐದು ದಿನದಲ್ಲಿ ಮುಗಿಸುವವರು ಜಾಸ್ತಿ. ಆ ಲೆಕ್ಕ ಬೇಸಿಗೆಯದು. ವಸಂತದ ಲೆಕ್ಕವೇ ಬೇರೆ.

ಮೊದಲು ತಿಂಗಳು ಆರಿಸಿ

ಕ್ಯಾಲೆಂಡರ್ ನೋಡಿ ಹೊರಡಬೇಡಿ. ಇಲ್ಲಿ ವಸಂತ ಯಾವಾಗ ಬರಬೇಕು ಅಂತ ತೀರ್ಮಾನಿಸುವುದು ಸರೋವರ. ಲೇಕ್ ಸುಪೀರಿಯರ್‌ನ ಸರಾಸರಿ ಆಳವೇ 147 ಮೀಟರ್, ಅತಿ ಆಳದ ಜಾಗ 406 ಮೀಟರ್. ಇಷ್ಟೊಂದು ನೀರು ಬಿಸಿಯಾಗಲು ತಿಂಗಳುಗಟ್ಟಲೆ ಬೇಕು. ಮೇ ತಿಂಗಳಲ್ಲೂ ನೀರು ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಅದರ ಮೇಲಿಂದ ಬೀಸುವ ಗಾಳಿ ದಡವನ್ನೆಲ್ಲ ತಣ್ಣಗಿಡುತ್ತದೆ. ಇನ್ನೊಂದು ವಿಷಯವೂ ಇದೆ. ಇದು ದಕ್ಷಿಣದ ದಡವಾದ್ದರಿಂದ ಇಳಿಜಾರುಗಳ ಮುಖ ಉತ್ತರಕ್ಕೆ. ಬಿಸಿಲು ಓರೆಯಾಗಿ, ಕಡಿಮೆ ಬೀಳುತ್ತದೆ. ಊರಲ್ಲಿ ಹಿಮ ಕರಗಿ ಎರಡು ಮೂರು ವಾರವಾದರೂ ಇಲ್ಲಿನ ನೆರಳಿನ ಕಣಿವೆಗಳಲ್ಲಿ ಅದು ಕೂತೇ ಇರುತ್ತದೆ.

ನನ್ನ ಲೆಕ್ಕ ಹೀಗೆ. ಏಪ್ರಿಲ್ ಅಂದರೆ ಇನ್ನೂ ಚಳಿಗಾಲ. ಹಿಮಬೂಟಿನಲ್ಲಿ ನಡೆದು, ಹಿಮದ ಮೇಲೆ ಟೆಂಟ್ ಹಾಕಿ ರೂಢಿಯಿದ್ದವರಿಗೆ ಅದು ಒಂದು ರೀತಿ ಸುಲಭ, ಯಾಕೆಂದರೆ ಎಲ್ಲ ಕಡೆ ಒಂದೇ ಥರ ಇರುತ್ತದೆ. ಮೇ ತಿಂಗಳ ಮೊದಲ ಮೂರು ವಾರ ಇದ್ದುದರಲ್ಲಿ ಕಷ್ಟ. ಹಿಮ, ಕೆಸರು, ತುಂಬಿದ ಹೊಳೆ, ಬಿದ್ದ ಮರ ಎಲ್ಲ ಒಂದೇ ದಿನದಲ್ಲಿ ಸಿಗುತ್ತವೆ. ಮೊದಲ ಸಲ ಹೋಗುವವರು ಮೇ ಕೊನೆಯ ವಾರದ ತನಕ ಕಾಯಿರಿ. ಆಗ ಸೊಳ್ಳೆ, ಕರಿನೊಣ ಶುರುವಾಗುತ್ತವೆ, ನಿಜ. ಆದರೆ ನೊಣಕ್ಕೆ ಬಲೆ ಇದೆ, ಕಾಲಿಟ್ಟರೆ ಕುಸಿಯುವ ಹಿಮಕ್ಕೆ ಏನಿದೆ?

ರಸ್ತೆ ತೆರೆದಿದೆಯಾ ಕೇಳಿ

ಇದನ್ನು ಮರೆಯುವವರೇ ಹೆಚ್ಚು. ಎರಡೂ ಊರುಗಳನ್ನು ಜೋಡಿಸುವ ರಸ್ತೆ ಎಚ್-58. ಚಳಿಗಾಲದಲ್ಲಿ ಇದರ ಒಂದು ಭಾಗದ ಹಿಮ ತೆಗೆಯುವುದಿಲ್ಲ, ಅಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಹೋಗುವ ಮೋಟಾರು ಬಂಡಿಗಳು ಓಡುತ್ತವೆ. ಹಿಮ ತಾನಾಗಿ ಕರಗಿದ ಮೇಲೇ ಕಾರು ಹೋಗುವುದು. ಒಳಗಿನ ಸಣ್ಣ ರಸ್ತೆಗಳು ಇನ್ನೂ ತಡ. ಚಾಪೆಲ್ ರಸ್ತೆ ಮುಖ್ಯ ರಸ್ತೆಯಿಂದ ಸುಮಾರು 8 ಕಿಲೋಮೀಟರ್ ಒಳಕ್ಕೆ ಹೋಗುತ್ತದೆ. ಮಣ್ಣಿನ ಭಾಗದಲ್ಲಿ ಕೆಸರಾದರೆ ಕಾರು ಹೂತುಹೋಗುತ್ತದೆ. ಅದು ಮುಚ್ಚಿದ್ದರೆ ನಿಮ್ಮ ನಡಿಗೆ ಶುರುವಾಗುವ ಮೊದಲೇ 8 ಕಿಲೋಮೀಟರ್ ನಡೆದಿರುತ್ತೀರಿ. ಬರುವಾಗ ಮತ್ತೆ ಅಷ್ಟೇ.

ಹಾಗಾಗಿ ಹೊರಡುವ ಹಿಂದಿನ ದಿನ ಪಾರ್ಕ್‌ನ ಕಚೇರಿಗೆ ಫೋನ್ ಮಾಡಿ. ಕೇಳುವ ಪ್ರಶ್ನೆ ಸರಿಯಾಗಿರಲಿ. "ದಾರಿ ಹೇಗಿದೆ?" ಅಂದರೆ "ಹಿಮ ಇದೆ" ಎಂಬ ಉತ್ತರ ಬರುತ್ತದೆ, ಅಷ್ಟೇ. "ಯಾವ ರಸ್ತೆ ಎಲ್ಲಿಯ ತನಕ ತೆರೆದಿದೆ? ಮೊಸ್ಕಿಟೊ ಹೊಳೆಯಿಂದ ಚಾಪೆಲ್ ತನಕ ಯಾರಾದರೂ ಈ ವಾರ ನಡೆದಿದ್ದಾರಾ? ಯಾವುದಾದರೂ ಕಾಲುಸೇತುವೆ ಹಾಳಾಗಿದೆಯಾ?" ಹೀಗೆ ಕೇಳಿ. ಎರಡು ತುದಿಗಳ ನಡುವೆ ಬಾಡಿಗೆ ವ್ಯಾನ್ ಹಿಡಿಯುವ ಯೋಚನೆ ಇದ್ದರೆ ಅದು ಆ ತಿಂಗಳು ಓಡುತ್ತದೋ ಇಲ್ಲವೋ ಅದನ್ನೂ ಆಗಲೇ ತಿಳಿದುಕೊಳ್ಳಿ.

ಪರವಾನಗಿ, ದಿನದ ದೂರ

ರಾತ್ರಿ ತಂಗಲು ವರ್ಷದ ಎಲ್ಲ ದಿನವೂ ಪರವಾನಗಿ ಬೇಕು. ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು. 2022ರಿಂದ ಪ್ರವೇಶ ಶುಲ್ಕವೂ ಇದೆ. ಕಂಡ ಕಡೆ ಟೆಂಟ್ ಹಾಕುವಂತಿಲ್ಲ, ಗೊತ್ತು ಮಾಡಿದ ಜಾಗದಲ್ಲೇ ಹಾಕಬೇಕು. ನಾಯಿ ಕರೆದುಕೊಂಡು ಈ ಒಳದಾರಿಗೆ ಹೋಗುವಂತಿಲ್ಲ.

ಇಲ್ಲೇ ಒಂದು ಸಿಕ್ಕು ಇದೆ. ಬೇಸಿಗೆಯ ಲೆಕ್ಕದಲ್ಲಿ ದಿನಕ್ಕೆ 16 ಕಿಲೋಮೀಟರ್ ಅಂತ ಕಾಯ್ದಿರಿಸಿದರೆ, ಹಿಮದಲ್ಲಿ ಆ ಜಾಗ ತಲುಪುವುದಿಲ್ಲ. ಕತ್ತಲಾದ ಮೇಲೂ ನಡೆಯುತ್ತೀರಿ. ಬಹಳ ತೊಂದರೆಗಳು ಹುಟ್ಟುವುದು ಆ ಹೊತ್ತಿನಲ್ಲೇ. ಮೇ ಮಧ್ಯದ ಮೊದಲು ಹೋದರೆ ದಿನಕ್ಕೆ 8ರಿಂದ 10 ಕಿಲೋಮೀಟರ್‌ಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಒಂದು ದಿನದ ಊಟ ಹೆಚ್ಚಿಗೆ ಹೊರಿ. ಬೆಳಕು ಮಾತ್ರ ಧಾರಾಳ. ಏಪ್ರಿಲ್ ಮಧ್ಯದಲ್ಲೇ ಸಂಜೆ ಎಂಟೂವರೆ ತನಕ ಇರುತ್ತದೆ. ಮೇ ಕೊನೆಗೆ ಒಂಬತ್ತು ದಾಟುತ್ತದೆ.

ಪೂರ್ತಿ ದಾರಿ ಬೇಡ ಎನ್ನುವವರು ಚಾಪೆಲ್ ಮತ್ತು ಮೊಸ್ಕಿಟೊ ಸುತ್ತು ಹಾಕಬಹುದು. ಸುಮಾರು 16 ಕಿಲೋಮೀಟರ್, ಒಂದು ರಾತ್ರಿ ತಂಗಿದರೆ ಆರಾಮ. ನೋಡುವಂಥದ್ದು ಬಹುಪಾಲು ಅಲ್ಲೇ ಇದೆ. ಅಪಾಯವೂ ಅಲ್ಲೇ ಇದೆ ಅನ್ನಿ.

ಹಿಮದ ಮೇಲೆ ನಡೆಯುವ ಹೊತ್ತು

ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಸಿಮೆಂಟಿನಂತೆ ಗಟ್ಟಿ. ಹನ್ನೊಂದು ಗಂಟೆಯ ಹೊತ್ತಿಗೆ ಉಪ್ಪಿಟ್ಟಿನಂತೆ ಉದುರುತ್ತದೆ. ಹಾಗಾಗಿ ಬೆಳಕು ಹರಿಯುವಾಗಲೇ ಹೊರಡಿ, ಮಧ್ಯಾಹ್ನ ಎರಡಕ್ಕೆಲ್ಲ ಟೆಂಟ್ ಜಾಗ ಸೇರಿ. ಬೆಳಿಗ್ಗೆ ಬೂಟಿಗೆ ಸಣ್ಣ ಮೊಳೆಗಳ ಸರಪಳಿ, ಅಂದರೆ ಮೈಕ್ರೋಸ್ಪೈಕ್ ಕಟ್ಟಿಕೊಳ್ಳಲೇಬೇಕು. ಮಧ್ಯಾಹ್ನ ಅದರಿಂದ ಏನೂ ಪ್ರಯೋಜನ ಇಲ್ಲ, ಬಿಚ್ಚಿಡಿ.

ಒಂದು ತಮಾಷೆ ನೋಡಿ. ಚಳಿಗಾಲದಲ್ಲಿ ಜನ ತುಳಿದು ತುಳಿದು ದಾರಿಯ ಮೇಲಿನ ಹಿಮ ಗಟ್ಟಿಯಾಗಿರುತ್ತದೆ. ಅಕ್ಕಪಕ್ಕದ್ದೆಲ್ಲ ಕರಗಿದ ಮೇಲೂ ಅದೊಂದು ಉಳಿದು, ಗದ್ದೆಯ ಬದುವಿನಂತೆ ಎದ್ದು ನಿಲ್ಲುತ್ತದೆ. ದಾರಿ ಹುಡುಕಲು ಅದೇ ಗುರುತು. ಆದರೆ ಅಗಲ ಒಂದು ಅಡಿ ಇದ್ದರೆ ಹೆಚ್ಚು, ಎರಡೂ ಕಡೆ ಜಾರುತ್ತದೆ. ಕೈಯಲ್ಲಿ ಎರಡು ಕೋಲು ಇಲ್ಲದೆ ಅದರ ಮೇಲೆ ಹೋಗಬೇಡಿ. ಜೌಗು ಜಾಗಗಳಲ್ಲಿ ಹಾಕಿರುವ ಮರದ ಹಲಗೆಗಳ ಮೇಲೂ ಹೀಗೇ. ಮೇಲೆ ತೆಳ್ಳಗೆ ಐಸ್, ನೋಡಲು ಬರೀ ಒದ್ದೆ ಮರದಂತೆ.

ಮರದ ಬುಡ, ಬಂಡೆ, ಬಿದ್ದ ದಿಮ್ಮಿ, ಇವುಗಳ ಸುತ್ತ ಹಿಮ ಒಳಗಿಂದ ಕರಗಿ ಟೊಳ್ಳಾಗಿರುತ್ತದೆ. ನನ್ನ ಬೂಟು ಹೋದದ್ದು ಅಂಥ ಕಡೆಯೇ. ಒಂದು ಗಜ ದೂರದಿಂದ ಸುತ್ತಿ ಹೋಗಿ. ಕಾಲು ಸಿಕ್ಕಿಕೊಂಡರೆ ಜೋರಾಗಿ ಎಳೆಯಬೇಡಿ, ಮಂಡಿ ತಿರುಚಿಕೊಳ್ಳುತ್ತದೆ. ಚೀಲ ಕೆಳಗಿಳಿಸಿ, ಕೂತು, ಸುತ್ತಲಿನ ಹಿಮ ಬಗೆದು ತೆಗೆಯಿರಿ.

ದಾರಿ ಪೂರ್ತಿ ಮುಚ್ಚಿದ್ದರೆ ಮರಗಳನ್ನು ನೋಡಿ. ನಿಂತ ಕಣ್ಣಿನ ಎತ್ತರಕ್ಕೆ, ನೀಲಿ ಬಣ್ಣದ ಉದ್ದನೆಯ ಪಟ್ಟಿ ಬಳಿದಿರುತ್ತಾರೆ. ಒಂದು ಪಟ್ಟಿಯ ಹತ್ತಿರ ನಿಂತು ಮುಂದಿನದು ಕಾಣದೆ ಹೋದರೆ ಸುಮ್ನೆ ಮುಂದೆ ಹೋಗಬೇಡಿ. ಒಬ್ಬರು ಅಲ್ಲೇ ನಿಲ್ಲಲಿ, ಇನ್ನೊಬ್ಬರು ಹುಡುಕಲಿ. ಫೋನಿನಲ್ಲಿ ನಕ್ಷೆ ಇಳಿಸಿಟ್ಟುಕೊಂಡಿರಿ, ಕಾಗದದ್ದೂ ಇರಲಿ. ಚಳಿಗೆ ಫೋನಿನ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಒಳ ಅಂಗಿಯ ಜೇಬಿನಲ್ಲಿಟ್ಟರೆ ಸ್ವಲ್ಪ ಬಾಳುತ್ತದೆ.

ಕಡಿದಾದ ಅಂಚು

ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಮ್ಯುನಿಸಿಂಗ್ ಕಡೆಯ ಅರ್ಧ ದಾರಿಯಲ್ಲಿ ಬಹಳ ಕಡೆ ನೀವು ಬಂಡೆಯ ನೆತ್ತಿಯ ಮೇಲೆ ಇರುತ್ತೀರಿ. ನೀರಿನಿಂದ 15ರಿಂದ 60 ಮೀಟರ್ ಎತ್ತರ. ಕಲ್ಲು ಮರಳುಗಲ್ಲು. ಅದರಲ್ಲಿ ನೀರು ಒಸರುತ್ತದೆ. ಆ ನೀರು ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಹೊತ್ತು ತಂದು ಕಲ್ಲಿನ ಮೇಲೆ ಕೆಂಪು, ಹಸಿರು, ಕಪ್ಪು ಗೆರೆ ಎಳೆಯುತ್ತದೆ. ಈ ಜಾಗಕ್ಕೆ 'ಚಿತ್ರದ ಬಂಡೆ' ಎಂಬ ಹೆಸರು ಬಂದದ್ದೇ ಅದರಿಂದ. ಚಂದ ಮಾಡುವ ಆ ನೀರೇ ಬಂಡೆಯನ್ನು ಒಡೆಯುತ್ತದೆ ಕೂಡ. ರಾತ್ರಿ ಬಿರುಕಿನಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗಿ ಇನ್ನೂ ಒಳಕ್ಕೆ ಇಳಿಯುತ್ತದೆ. ಈ ಆಟ ಅತಿ ಹೆಚ್ಚು ನಡೆಯುವುದು ವಸಂತದಲ್ಲಿ. ಮೈನರ್ಸ್ ಕ್ಯಾಸಲ್ ಎಂಬ ಕೋಟೆಯಂಥ ಬಂಡೆಗೆ ಮೊದಲು ಎರಡು ಬುರುಜುಗಳಿದ್ದವು. ಒಂದು ಕುಸಿದು ನೀರಿಗೆ ಬಿತ್ತು. ಯಾವಾಗ ಗೊತ್ತಾ? 2006ರ ಏಪ್ರಿಲ್‌ನಲ್ಲಿ.

ಚಾಪೆಲ್ ರಾಕ್ ನೋಡಿದರೆ ಕುಸಿತ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂಟಿ ಬಂಡೆಯ ಮೇಲೆ ಒಂದು ಪೈನ್ ಮರ. ಅದರ ಬೇರುಗಳು ಗಾಳಿಯಲ್ಲಿ ಹಗ್ಗದಂತೆ ಚಾಚಿ ಈಚೆ ದಡ ಹಿಡಿದುಕೊಂಡಿವೆ. ಒಂದು ಕಾಲಕ್ಕೆ ಆ ಬೇರುಗಳ ಕೆಳಗೆ ಕಲ್ಲಿನ ಕಮಾನು ಇತ್ತು. ಕಮಾನು ಬಿದ್ದುಹೋಯಿತು, ಬೇರು ಉಳಿಯಿತು. ಫೋಟೊ ತೆಗೆಯಿರಿ, ಬೇರು ಹಿಡಿದು ದಾಟುವ ಸಾಹಸ ಬೇಡ.

ನೆನಪಿಡಬೇಕಾದದ್ದು ಇಷ್ಟು. ಅಂಚಿನ ಕೆಳಗೆ ಕಲ್ಲು ಕೊರೆದುಹೋಗಿರಬಹುದು, ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಹಿಮ ಇದ್ದರೆ ಗಾಳಿಗೆ ಅದು ಅಂಚಿನಿಂದ ಆಚೆಗೆ ಚಾಚಿಕೊಂಡು, ನೆಲ ಇಲ್ಲದ ಕಡೆ ನೆಲ ಇದ್ದಂತೆ ಕಾಣುತ್ತದೆ. ಹಿಮ ಅಥವಾ ಮಳೆ ಇರುವ ದಿನ ಅಂಚಿನಿಂದ ನಾಲ್ಕೈದು ಮೀಟರ್ ಒಳಗೇ ಇರಿ. ದಾರಿಯೇ ಅಂಚಿಗೆ ಹೋಗುವಲ್ಲಿ ದಾರಿ ಬಿಟ್ಟು ಕಾಡಿನ ಒಳಗಿಂದ ಸುತ್ತಿ ಬನ್ನಿ. ಅಡ್ಡ ಇಳಿಜಾರಿನಲ್ಲಿ ಐಸ್ ಇದ್ದು, ಅದರ ಕೆಳತುದಿ ಬಂಡೆಯ ಅಂಚಿಗೆ ಇಳಿಯುತ್ತಿದ್ದರೆ ವಾಪಸ್ ತಿರುಗಿ. ಅಲ್ಲಿ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಬಂಡೆಯ ಬುಡದ ಮರಳಿನಲ್ಲೂ ಹಾಯಾಗಿ ಕೂರುವಂತಿಲ್ಲ. ಚಳಿಗಾಲದಲ್ಲಿ ಒಸರುವ ನೀರು ದೊಡ್ಡ ದೊಡ್ಡ ಐಸ್ ಕಂಬಗಳಾಗಿ ಬಂಡೆಗೆ ಅಂಟಿಕೊಂಡಿರುತ್ತದೆ. ಬಿಸಿಲೇರಿದಂತೆ ಅವು ಕಳಚಿ ಬೀಳುತ್ತವೆ. ಜೊತೆಗೆ ಕಲ್ಲು. ದಡದುದ್ದಕ್ಕೂ ಕಟ್ಟಿಕೊಂಡ ಐಸ್ ದಿಬ್ಬಗಳ ಮೇಲೆ ಹತ್ತಿ ಅಲೆ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಅವುಗಳ ಕೆಳಗೆ ನೆಲ ಇಲ್ಲ, ಅಲೆ ಕೊರೆದ ಟೊಳ್ಳು ಮತ್ತು ನೀರು ಇದೆ. ಒಳಗೆ ಬಿದ್ದವರು ನುಣುಪು ಐಸ್ ಹಿಡಿದು ಮೇಲೆ ಬರುವುದು ಬಹಳ ಕಷ್ಟ.

ಹೊಳೆ ದಾಟುವಾಗ

ಮೊಸ್ಕಿಟೊ, ಚಾಪೆಲ್, ಸೆವೆನ್‌ಮೈಲ್, ಹರಿಕೇನ್ ಹೀಗೆ ಹಲವು ಹೊಳೆಗಳು ದಾರಿಗೆ ಅಡ್ಡ ಸಿಗುತ್ತವೆ. ಮುಖ್ಯವಾದವಕ್ಕೆ ಸೇತುವೆ ಇದೆ. ವಸಂತದಲ್ಲಿ ಸೇತುವೆಗೆ ಮರ ಬಂದು ಬಡಿದಿರಬಹುದು, ಅಥವಾ ಸೇತುವೆಗೆ ಹೋಗುವ ದಾರಿಯೇ ನೀರಲ್ಲಿ ಮುಳುಗಿರಬಹುದು. ಹಿಮ ಕರಗುವುದು ಹಗಲು. ಹಾಗಾಗಿ ಹೊಳೆ ಸಂಜೆಗೆ ಏರುತ್ತದೆ, ಬೆಳಗಿನ ಜಾವ ಇಳಿಯುತ್ತದೆ. ಸಂಜೆ ದಾಟಲಾಗದ ಹೊಳೆ ಬೆಳಿಗ್ಗೆ ದಾಟಲು ಸಿಗಬಹುದು. ಈಚೆ ದಡದಲ್ಲೇ ರಾತ್ರಿ ಕಳೆಯುವುದು ನಾಚಿಕೆಯ ವಿಷಯವಲ್ಲ.

ನೀರು ಮಂಡಿಗಿಂತ ಮೇಲಿದ್ದು ರಭಸ ಇದ್ದರೆ ಇಳಿಯಬೇಡಿ. ಇಳಿಯುವುದಾದರೆ ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ. ಬಿದ್ದಾಗ ಚೀಲ ಕಳಚಿಕೊಳ್ಳಲು ಬರಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಊರಿ, ಒಂದೊಂದೇ ಕಾಲು ಪಕ್ಕಕ್ಕೆ ಇಡಿ. ಬರಿಗಾಲಲ್ಲಿ ಬೇಡ. ದಾಟುವ ಜಾಗದ ಕೆಳಗಡೆ ಅಡ್ಡ ಬಿದ್ದ ಮರ ಇದೆಯಾ ನೋಡಿ. ಇದ್ದರೆ ಬೇರೆ ಜಾಗ ಹುಡುಕಿ, ನೀರು ಮನುಷ್ಯರನ್ನು ಕೊಂಬೆಗಳ ಒಳಗೆ ತುರುಕಿಬಿಡುತ್ತದೆ. ಸಣ್ಣ ತೊರೆಗಳ ಮೇಲೆ ಹಿಮದ ಸೇತುವೆ ಇರುತ್ತದೆ. ಕೆಳಗೆ ಗುಳುಗುಳು ಸದ್ದು ಕೇಳಿದರೆ ಆ ಸೇತುವೆ ನಂಬಬೇಡಿ.

ಚಳಿಗಿಂತ ಒದ್ದೆ ಕೆಟ್ಟದ್ದು

ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಒಣ ಚಳಿಯನ್ನು ತಡೆಯಬಹುದು. ಐದು ಡಿಗ್ರಿ ಮೇಲಿನ ಮಳೆ, ಜೊತೆಗೆ ಸರೋವರದ ಗಾಳಿ, ಅದು ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಒಳನಾಡಲ್ಲಿ ಇಪ್ಪತ್ತು ಡಿಗ್ರಿ ಬಿಸಿಲು ಇರುವ ದಿನವೇ ದಡದಲ್ಲಿ ಮಂಜು ಕವಿದು ಆರೇಳು ಡಿಗ್ರಿ ಇರಬಹುದು. ಹವಾಮಾನ ನೋಡುವಾಗ ಹತ್ತಿರದ ಊರಿನದು ಸಾಲದು. ನ್ಯಾಷನಲ್ ವೆದರ್ ಸರ್ವಿಸ್‌ನ ಮಾರ್ಕೆಟ್ ಕಚೇರಿ (ಸಂತೆಯಲ್ಲ, ಊರಿನ ಹೆಸರೇ ಅದು) ದಡದ ನೀರಿಗೆ ಬೇರೆಯೇ ಮುನ್ಸೂಚನೆ ಕೊಡುತ್ತದೆ. ಗಾಳಿ ಉತ್ತರದಿಂದ, ಅಲೆ ಎತ್ತರ ಅಂತಿದ್ದರೆ ದಡದ ಮರಳಿನಲ್ಲಿ ನಡೆಯುವ ಆಸೆ ಬಿಡಿ.

ಹತ್ತಿ ಬಟ್ಟೆ ಒಂದೂ ಬೇಡ, ಒಳಉಡುಪು ಸಹ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಮಲಗುವಾಗ ಹಾಕಿಕೊಳ್ಳುವ ಒಂದು ಜೊತೆ ಬಟ್ಟೆ ಮತ್ತು ಕಾಲುಚೀಲವನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಡಿ. ಅದನ್ನು ನಡೆಯುವಾಗ ಹಾಕುವಂತಿಲ್ಲ. ಬೆಳಿಗ್ಗೆ ಒದ್ದೆ ಕಾಲುಚೀಲ ಏರಿಸುವುದು ಹಿಂಸೆ, ಗೊತ್ತು. ಐದು ನಿಮಿಷ ಬೈದುಕೊಂಡು ಏರಿಸಿ.

ಜೊತೆಯವರು ಎಡವಲು ಶುರು ಮಾಡಿದರೆ, ಮಾತು ತೊದಲಿದರೆ, ಕೈಯಿಂದ ವಸ್ತು ಬೀಳಿಸಿದರೆ, ಸುಮ್ಮನೆ ಮಂಕಾದರೆ ಅಲ್ಲೇ ನಿಲ್ಲಿ. "ಏನಾಗಿಲ್ಲ, ನಡಿ" ಅಂತ ಅವರೇ ಹೇಳುತ್ತಾರೆ, ಕೇಳಬೇಡಿ. ಟೆಂಟ್ ಹಾಕಿ, ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಹಾಕಿ ಮಲಗುವ ಚೀಲದೊಳಗೆ ಸೇರಿಸಿ. ಕೆಳಗೆ ದಪ್ಪ ಹಾಸು ಇರಲಿ. ನುಂಗಲು ಬರುತ್ತಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ, ಮದ್ಯ ಕೊಡಬೇಡಿ.

ಸರೋವರಕ್ಕೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ತಣ್ಣೀರಿನ ಅಪಾಯ ಕಲಿಸುವವರು ಒಂದು ಲೆಕ್ಕ ಹೇಳುತ್ತಾರೆ: 1, 10, 1. ಮೊದಲ ಒಂದು ನಿಮಿಷ ಏದುಸಿರು, ಆಗ ನೀರು ಕುಡಿಯದಂತೆ ಮುಖ ಮೇಲಿಟ್ಟು ಉಸಿರು ಹಿಡಿತಕ್ಕೆ ತರಬೇಕು. ಮುಂದಿನ ಹತ್ತು ನಿಮಿಷ ಮಾತ್ರ ಕೈಕಾಲು ಹೇಳಿದ ಮಾತು ಕೇಳುತ್ತವೆ. ಸುಮಾರು ಒಂದು ತಾಸಿಗೆ ಪ್ರಜ್ಞೆ ತಪ್ಪುತ್ತದೆ. ಲೈಫ್ ಜಾಕೆಟ್ ಇಲ್ಲದವರಿಗೆ ಆ ಒಂದು ತಾಸು ಸಿಗುವುದೇ ಇಲ್ಲ. ನೀರು ತುಂಬಿಸಲು ಒದ್ದೆ ಬಂಡೆಯ ತುದಿಗೆ ಹೋಗಿ ಬಗ್ಗುವ ಮೊದಲು ಇದನ್ನು ನೆನೆಸಿಕೊಳ್ಳಿ.

ನೀರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಂಡೆಯ ಮೇಲಿನ ಪೊಟ್ಯಾಟೊ ಪ್ಯಾಚ್ ತಂಗುದಾಣದಲ್ಲಿ ನೀರಿಲ್ಲ, ಹೊತ್ತು ಹೋಗಬೇಕು. ಟೊಳ್ಳು ನಾರಿನ ಫಿಲ್ಟರ್ ಬಳಸುವವರು ರಾತ್ರಿ ಅದನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ. ಒಳಗಿನ ನೀರು ಒಮ್ಮೆ ಹೆಪ್ಪುಗಟ್ಟಿದರೆ ನಾರು ಸೀಳುತ್ತದೆ. ಹೊರಗಿಂದ ಗೊತ್ತೇ ಆಗುವುದಿಲ್ಲ, ನೀರು ಮಾಮೂಲಿನಂತೆ ಬರುತ್ತದೆ, ಸೋಸಿರುವುದಿಲ್ಲ ಅಷ್ಟೇ.

ಮೇಲೆ ನೋಡಿ, ಕೆಳಗೂ ನೋಡಿ

ಇಲ್ಲಿನ ಬೀಚ್ ಮರಗಳಿಗೆ ತೊಗಟೆ ರೋಗ ತಗುಲಿದೆ. ನಿಂತಂತೆಯೇ ಸೊರಗಿ, ಗಾಳಿಗೆ ನಡುವೆ ಮುರಿದು ಬೀಳುತ್ತವೆ. ಟೆಂಟ್ ಹಾಕುವ ಮೊದಲು ತಲೆ ಎತ್ತಿ ಒಂದು ಸುತ್ತು ನೋಡಿ. ಚಳಿಗಾಲದಲ್ಲಿ ದಾರಿಗೆ ಬಿದ್ದ ಮರಗಳನ್ನು ಕಡಿದು ಸರಿಸುವ ಕೆಲಸ ವಸಂತದಲ್ಲಿ ಮುಗಿದಿರುವುದಿಲ್ಲ. ಸುತ್ತಿ ಹೋದಾಗ ಮತ್ತೆ ದಾರಿಗೆ ಸೇರಿದ್ದೇವಾ ಅಂತ ನೀಲಿ ಪಟ್ಟಿ ನೋಡಿ ಖಾತ್ರಿ ಮಾಡಿಕೊಳ್ಳಿ. ಕೆಸರು ಸಿಕ್ಕರೆ ಮಾತ್ರ ಸುತ್ತಬೇಡಿ, ನಡುವೆಯೇ ನಡೆಯಿರಿ. ಎಲ್ಲರೂ ಪಕ್ಕಕ್ಕೆ ತುಳಿದರೆ ದಾರಿ ಅಗಲವಾಗಿ, ಆಗಷ್ಟೇ ಮೊಳೆತ ಗಿಡಗಳೆಲ್ಲ ಹೋಗುತ್ತವೆ. ಮರಗಳ ಎಲೆ ಪೂರ್ತಿ ದಟ್ಟವಾಗುವ ಮೊದಲು ಅರಳುವ ಬಿಳಿ ಟ್ರಿಲಿಯಂ ಹೂ ಅಲ್ಲೇ ಇರುತ್ತದೆ.

ಕಪ್ಪು ಕರಡಿಗಳು ಆಗ ತಾನೇ ಎದ್ದು ಹಸಿದಿರುತ್ತವೆ. ತಿಂಡಿ, ಟೂತ್‌ಪೇಸ್ಟ್, ಸೋಪು ಯಾವುದೂ ಟೆಂಟ್‌ನಲ್ಲಿ ಬೇಡ. ತಂಗುದಾಣದಲ್ಲಿ ಇದಕ್ಕೆಂದೇ ವ್ಯವಸ್ಥೆ ಇದೆ, ಅದರಲ್ಲೇ ಇಡಿ.

ಗ್ರ್ಯಾಂಡ್ ಮರೇ ಕಡೆ ಲಾಗ್ ಸ್ಲೈಡ್ ಎಂಬ ಮರಳಿನ ಇಳಿಜಾರು ಇದೆ. ಹಿಂದೆ ಮರದ ದಿಮ್ಮಿಗಳನ್ನು ಅಲ್ಲಿಂದ ಸರೋವರಕ್ಕೆ ಜಾರಿಸುತ್ತಿದ್ದರು. ಸುಮಾರು 90 ಮೀಟರ್ ಎತ್ತರ. ಇಳಿಯಲು ಕೆಲವೇ ನಿಮಿಷ, ಹತ್ತಲು ಒಂದು ತಾಸಾದರೂ ಬೇಕು. ಬೆನ್ನಿನ ಮೇಲೆ ಚೀಲ ಇರುವಾಗ ಇಳಿಯುವ ಯೋಚನೆಯೇ ಬೇಡ.

ಹೊರಡುವ ದಿನ, ಮುಗಿಸುವ ದಿನ

ದಾರಿಯ ಬಹುಪಾಲು ಕಡೆ ಫೋನ್ ಸಿಗ್ನಲ್ ಇಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಕೊಳ್ಳಲು ಆಗದಿದ್ದರೆ ಬಾಡಿಗೆಗೆ ತನ್ನಿ. ಮನೆಯವರಿಗೆ ಒಂದು ಚೀಟಿ ಬರೆದುಕೊಡಿ: ಯಾವ ರಾತ್ರಿ ಎಲ್ಲಿ ಇರುತ್ತೇವೆ, ಕಾರು ಎಲ್ಲಿದೆ, ಯಾವ ದಿನ ಎಷ್ಟು ಗಂಟೆಯ ಒಳಗೆ ಫೋನ್ ಬರದಿದ್ದರೆ 911ಕ್ಕೆ (ಅಲ್ಲಿನ ತುರ್ತು ಸಹಾಯದ ನಂಬರ್) ಹೇಳಬೇಕು. ಆ ಗಂಟೆಯನ್ನು ನೀವು ತಲುಪುವ ಅಂದಾಜಿಗಿಂತ ಅರ್ಧ ದಿನ ತಡವಾಗಿ ಇಡಿ, ಇಲ್ಲದಿದ್ದರೆ ಗಾಬರಿಯಲ್ಲಿ ನೀವೇ ಓಡುತ್ತೀರಿ. ವಾಪಸ್ ತಿರುಗುವ ಗಂಟೆಯನ್ನು ಬೆಳಿಗ್ಗೆಯೇ ಎಲ್ಲರೂ ಕೂತು ಒಪ್ಪಿಕೊಳ್ಳಿ. ಮಧ್ಯಾಹ್ನ ಸುಸ್ತಾದ ತಲೆಗೆ ಆ ತೀರ್ಮಾನ ಬಿಡಬಾರದು.

ಕಾರಿನಲ್ಲಿ ಒಣ ಬಟ್ಟೆ, ಒಣ ಚಪ್ಪಲಿ, ನೀರು ಇಟ್ಟು ಹೋಗಿ. ಮುಗಿಸಿ ಬಂದವರೇ ಮೊದಲು ಮಾಡಬೇಕಾದ ಕೆಲಸ ಉಣ್ಣಿ ಹುಡುಕುವುದು. ಹಿಮ ಕರಗಿದ ಕೂಡಲೇ ಅವು ಹೊರಬರುತ್ತವೆ, ಕೆಲವು ಲೈಮ್ ರೋಗ ಹರಡುತ್ತವೆ. (ಉಣ್ಣೆ ಹಾಕಿಕೊಳ್ಳಿ, ಉಣ್ಣಿ ಹತ್ತಿಸಿಕೊಳ್ಳಬೇಡಿ ಅಂತ ನಮ್ಮ ಗುಂಪಿನಲ್ಲಿ ಹೇಳುತ್ತಿರುತ್ತೇವೆ.) ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮ್ಮಟದಿಂದ ಚರ್ಮದ ಹತ್ತಿರವೇ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ತೆಗೆದ ದಿನ ಬರೆದಿಟ್ಟುಕೊಳ್ಳಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಅಥವಾ ಚರ್ಮದ ಮೇಲೆ ಹರಡುತ್ತಾ ಹೋಗುವ ಕೆಂಪು ಕಲೆ ಕಂಡರೆ ಆ ದಿನಾಂಕವನ್ನು ಡಾಕ್ಟರಿಗೆ ಹೇಳಿ.